ಇನ್ನೊಬ್ಬರ ಆಮೆನ್

ನಮ್ಮೂರಿನಲ್ಲಿ ಯಾರಾದರೂ ಒಬ್ಬರೇ ಕೂತು ಪ್ರಾರ್ಥನೆ ಮಾಡಿದರೆ ಅವರು ಹೊಸಬರು ಎಂದು ಗೊತ್ತಾಗುತ್ತದೆ. ಹಳಬರು ಹಾಗೆ ಮಾಡುವುದಿಲ್ಲ. ಪಕ್ಕದಲ್ಲಿ ಯಾರನ್ನಾದರೂ ಕೂರಿಸಿಕೊಂಡು, ಮೊದಲಿನಿಂದ ಕೊನೆಯವರೆಗೆ ಅವರ ಕಿವಿಗೆ ಬೀಳುವಂತೆ ಪ್ರಾರ್ಥಿಸಿ, ಅವರ ಬಾಯಿಂದ ಆಮೆನ್ ಹೇಳಿಸಿಕೊಂಡು ಏಳುತ್ತಾರೆ. ಹೇಳಿಸಿಕೊಳ್ಳದಿದ್ದರೆ ಪ್ರಾರ್ಥನೆಯ ಕೊನೆಯ ಮಾತು ಬಾಯಲ್ಲೇ ಉಳಿದುಬಿಡುತ್ತದೆ. ಆಮೇಲೆ ಬದನೆಕಾಯಿ ಕೊಳ್ಳುವಾಗ, ಬೀಗರ ಜೊತೆ ಮಾತಾಡುವಾಗ, ಬಸ್ಸಿನಲ್ಲಿ ಟಿಕೆಟ್ ಕೇಳುವಾಗ, ಬಿಕ್ಕಳಿಕೆಯ ಹಾಗೆ ನಡುವೆ ನುಗ್ಗಿ ಬರುತ್ತದೆ.

ನಾನು ಸಭಾಪಾಲಕರ ಹೆಂಡತಿಯಾಗಿ ಈ ಊರಿಗೆ ಬಂದ ಮೊದಲ ವಾರ, ಕಿರಾಣಿ ಅಂಗಡಿಯಲ್ಲಿ ನನ್ನ ಮುಂದೆ ನಿಂತಿದ್ದ ಗಂಭೀರ ಮನುಷ್ಯರೊಬ್ಬರು, "ಅರ್ಧ ಕಿಲೋ ಹೆಸರುಬ್ಯಾಳಿ, ಮಗಳಿಗೆ ಆ ಹುಡುಗ ಬ್ಯಾಡ ಸ್ವಾಮಿ, ಒಂದು ಸಾಬೂನು," ಎಂದರು. ಅಂಗಡಿಯವನು ಬೇಳೆ ತೂಗುತ್ತಲೇ, "ಮೊದಲಿಂದ ಹೇಳ್ರಿ," ಅಂದ. ಅವರು ಹೇಳಿದರು. ಅವನು ಆಮೆನ್ ಅಂದು ಸಾಬೂನು ಕೊಟ್ಟ. ಅಂಗಡಿಯವನ ಹೆಸರು ಮೆಹಬೂಬ. ಈ ಒಂದು ವಿಷಯದಲ್ಲಿ ಊರು ಯಾರು ಯಾವ ಪಂಗಡ ಎಂದು ನೋಡುವುದಿಲ್ಲ. ಹತ್ತಿರ ಇದ್ದವರು ಹೇಳಿದರಾಯಿತು. ಮನಸ್ಸಿಟ್ಟು ಹೇಳಬೇಕೆಂದೂ ಇಲ್ಲ. ಶೇಂಗಾ ತಿನ್ನುತ್ತ ಹೇಳಿದರೂ ನಡೆಯುತ್ತದೆ. ಕೇಳಿದ್ದನ್ನು ದೇವರು ಕೊಡುತ್ತಾನೋ ಬಿಡುತ್ತಾನೋ, ಅದು ಬೇರೆ ಇಲಾಖೆ. ಆಮೆನ್‌ನಿಂದ ಬಾಯಿ ಖಾಲಿಯಾಗುತ್ತದೆ, ಅಷ್ಟೇ.

ನಾನು ವಿಶ್ವವಿದ್ಯಾಲಯದಲ್ಲಿ ಸಮಾಜಶಾಸ್ತ್ರ ಓದಿದವಳು. ಸುಮ್ಮನಿರಲು ಆಗುತ್ತದೆಯೇ? ಇದರ ಬಗ್ಗೆ ಹದಿನೆಂಟು ಪುಟದ ಲೇಖನ ಬರೆದು, ನನ್ನ ಗಂಡ ಜಯಶೀಲರನ್ನು ಕೂರಿಸಿ ಓದಿದೆ. ಅವರು ಮಧ್ಯದಲ್ಲಿ ಒಂದು ಸಲವೂ ಅಲ್ಲಾಡಲಿಲ್ಲ. ಪೂರ್ತಿ ಕೇಳಿ, "ಆಮೆನ್," ಎಂದರು. ಮೂರು ದಿನ ನಾನು ಅವರ ಜೊತೆ ಮಾತು ಬಿಟ್ಟಿದ್ದೆ. ಅವರಿಗೆ ಅದು ಆರಾಮವಾಗಿತ್ತು ಎಂದು ಆಮೇಲೆ ತಿಳಿಯಿತು.

ಊರೂರಿಗೂ ಬಾಗಿಲು ಹಾಕಿಸಿದ ಆ ಜಡ್ಡು ಬಂದ ಮೊದಲ ತಿಂಗಳಲ್ಲೇ ಅವರಿಗೆ ತಗಲಿತು. ದೊಡ್ಡ ಊರಿನ ಆಸ್ಪತ್ರೆಗೆ ಕರೆದುಕೊಂಡು ಹೋದರು. ನನ್ನನ್ನು ಒಳಗೆ ಬಿಡಲಿಲ್ಲ. ಮೆಟ್ಟಿಲ ಕೆಳಗೆ, ಕುಡಿಯುವ ನೀರಿನ ಯಂತ್ರದ ಪಕ್ಕ ನಿಂತು ಪ್ರಾರ್ಥಿಸಿದೆ. ಕಿವಿಯಳತೆಯಲ್ಲಿ ಯಾರೂ ಇರಲಿಲ್ಲ. ಆಗ ಯಾರೂ ಯಾರ ಕಿವಿಯಳತೆಗೂ ಬರುತ್ತಿರಲಿಲ್ಲ. ಎರಡು ದಿನ ಬಿಟ್ಟು, ಅವರ ಕನ್ನಡಕ ಮತ್ತು ಗಡಿಯಾರ ಇದ್ದ ಒಂದು ಚೀಲ ಕೊಟ್ಟರು. ಚೀಲ ತೆಗೆದುಕೊಂಡು ಊರಿಗೆ ಬಂದೆ. ಪ್ರಾರ್ಥನೆಯ ಕೊನೆಯ ಮಾತೂ ಜೊತೆಗೆ ಬಂತು: ಇವರನ್ನ ಮನೆಗೆ ಕಳಿಸು.

ಒಂದೇ ಉಸಿರಿಗೆ ನಾಲ್ಕು ಪದಕ್ಕಿಂತ ಹೆಚ್ಚು ಮಾತಾಡಿದರೆ ಅದು ಹೊರಬೀಳುತ್ತದೆ, ನಾಲ್ಕರ ಒಳಗೆ ಮುಗಿಸಿದರೆ ಇಲ್ಲ. ಒಂದು ವಾರದಲ್ಲಿ ಇದನ್ನು ಕಂಡುಕೊಂಡೆ. ಹೂಂ. ಆಗಲಿ. ನೋಡೋಣ. ಹಾಲು ಅರ್ಧ ಲೀಟರ್ ಸಾಕು. ಕಾಲೇಜಿನಲ್ಲಿ ಚರ್ಚಾಸ್ಪರ್ಧೆಯ ಬೆಳ್ಳಿ ಕಪ್ ಗೆದ್ದು ಅದನ್ನು ಅತ್ತೆಯ ಮನೆಯ ಶೋಕೇಸಿನಲ್ಲೂ ಇಡಿಸಿದ್ದವಳು ನಾನು. ಯಾರನ್ನಾದರೂ ಕರೆದು ಆಮೆನ್ ಹೇಳಿಸಿಕೊಳ್ಳಬಹುದಿತ್ತು. ಮೆಹಬೂಬ ಬೇಳೆ ತೂಗುತ್ತ ಹೇಳಿಬಿಡುತ್ತಿದ್ದ. ಹೇಳಿಸಿಕೊಳ್ಳಲಿಲ್ಲ. ಸೋಮಾರಿತನ ಎಂದು ಇಟ್ಟುಕೊಳ್ಳಿ. ದಿನಕ್ಕೊಮ್ಮೆ ಸ್ನಾನದಮನೆಯ ಬಾಗಿಲು ಹಾಕಿಕೊಂಡು, ಬೇಕೆಂದೇ ಒಂದು ಉದ್ದನೆಯ ಮಾತಾಡುತ್ತಿದ್ದೆ. ಈ ಬಕೆಟ್ಟಿನ ಹಿಡಿಕೆ ಮುರಿದು ಎಷ್ಟು ದಿನ ಆಯಿತು, ಅಂತ ಏನಾದರೂ. ಆಗ ಅದು ಬರುತ್ತಿತ್ತು. ಜಯಶೀಲ ಆಚೆ ಬಾಗಿಲಲ್ಲಿ ಟವೆಲ್ ಹಿಡಿದು ನಿಂತಿದ್ದಾರೆ ಎನ್ನುವ ಹಾಗೆ ಬರುತ್ತಿತ್ತು.

ಮಾತು ಕಡಿಮೆಯಾದ ಮೇಲೆ ಊರಿನಲ್ಲಿ ನನ್ನ ಬೆಲೆ ಏರಿತು. ಎಳೆ ವಯಸ್ಸಿನ ವಿಧವೆ, ಎಷ್ಟು ಗಾಂಭೀರ್ಯ, ಎಷ್ಟು ಆಳ ಎಂದರಂತೆ. ಒಂದು ಬೆಳಿಗ್ಗೆ ಸಭೆಯ ಕಮಿಟಿಯ ಐದು ಜನ ಬಂದು ದೇವಾಲಯದ ಅಂಗಳದಲ್ಲಿ ಸುಣ್ಣದಿಂದ ಹಾಕಿದ್ದ ವೃತ್ತಗಳಲ್ಲಿ ಒಬ್ಬೊಬ್ಬರಾಗಿ ನಿಂತರು. ಕಾರ್ಯದರ್ಶಿ ಹನೋಕ ಮಾಸ್ತರು ವ್ಯಾಯಾಮ ಕಲಿಸಿ ನಿವೃತ್ತರಾದವರು. ಅವರು ಮೆಲ್ಲಗೆ ಮಾತಾಡಿದರೂ ಮೂರು ಓಣಿ ದಾಟುತ್ತದೆ.

"ಬಾಯಾರ, ದಾರಿ ಎಲ್ಲಾ ಬಂದ್ ಮಾಡ್ಯಾರ. ಹೊಸ ಪಾದ್ರಿ ಸದ್ಯಕ್ಕ ಬರೂದಿಲ್ಲ. ಅಲ್ಲೀತನಕ ಸಭೆ ನೀವ ನಡಸಬೇಕು," ಎಂದರು.

"ನಾನು?"

"ನೀವ."

"ನೋಡೋಣ."

"ನೋಡ್ರಿ, ಹೆಂಗ ತೂಗಿ ಮಾತಾಡ್ತಾರ!" ಎಂದು ಮಾಸ್ತರು ಉಳಿದ ನಾಲ್ವರ ಕಡೆ ತಿರುಗಿದರು. "ಹಿಂದಿನ ಮೂರೂ ಪಾದ್ರಿಗೋಳು ಮಾತಾಡಿ ಮಾತಾಡಿ ನಮ್ಮ ಜೀವಾ ತಿಂದಿದ್ರು." ಆ ಮೂವರಲ್ಲಿ ಕೊನೆಯವರು ಯಾರೆಂದು ಆಮೇಲೆ ನೆನಪಾಗಿ ಕೆಮ್ಮಿದರು. ಕೆಮ್ಮು ಕೇಳಿ ನಾಲ್ವರೂ ಒಂದೊಂದು ವೃತ್ತ ಹಿಂದೆ ಸರಿದರು. ಹೀಗೆ ನಾನು ಅವಿರೋಧವಾಗಿ ಆಯ್ಕೆಯಾದೆ.

ನನ್ನ ಆಡಳಿತದ ಮೊದಲ ಭಾನುವಾರ ಫೋನಿನಲ್ಲಿ ಆರಾಧನೆ ಇಟ್ಟೆ. ಕಲಿತವಳಲ್ಲವೇ, ಹೊಸ ಉಪಾಯಗಳೆಲ್ಲ ನನಗೇ ಹೊಳೆಯಬೇಕು. ಅರವತ್ತಮೂರು ಮನೆಗಳು ಸಣ್ಣ ಸಣ್ಣ ಚೌಕಗಳಲ್ಲಿ ಬಂದು ಕೂತವು. ಕೆಲವರ ಹಣೆ ಮಾತ್ರ ಕಂಡಿತು, ಒಬ್ಬರ ಮನೆಯಿಂದ ಪೂರ್ತಿ ಹೊತ್ತು ಫ್ಯಾನು ಮಾತ್ರ ಹಾಜರಿತ್ತು. ಪ್ರತಿಯೊಬ್ಬರೂ ಮೌನ ಪ್ರಾರ್ಥನೆಯ ಹೊತ್ತಿಗೆ ತಮ್ಮ ಬೆಂಚಿನ ಜೊತೆಗಾರರಿಗೆ ಬೇರೆ ಕರೆ ಮಾಡಿ ಪ್ರಾರ್ಥನೆ ಹೇಳಿ, ಆಮೆನ್ ತೆಗೆದುಕೊಂಡರು. ಎಲ್ಲ ಸುಸೂತ್ರ ಎಂದುಕೊಂಡೆ. ಸೋಮವಾರ ಬೆಳಿಗ್ಗೆ ತರಕಾರಿ ಗಾಡಿಯ ಮುಂದೆ ಗೊತ್ತಾಯಿತು. ಯಂತ್ರದಲ್ಲಿ ಬಂದ ಆಮೆನ್ ಹಿಡಿಯುವುದಿಲ್ಲ.

"ಟೊಮೆಟೊ ಹೆಂಗ, ಅತ್ತಿಗೆ ಒಂದೀಟು ಬುದ್ಧಿ ಕೊಡು, ಕಿಲೋಕ್ಕ?" ಎಂದು ಒಬ್ಬಳು ಕೇಳಿದಳು. ಅತ್ತೆ ಪಕ್ಕದಲ್ಲೇ ಚೀಲ ಹಿಡಿದು ನಿಂತಿದ್ದಳು. ಅತ್ತೆ ಬಾಯಿ ತೆರೆದಾಗ, "ಏನಂದಿ, ಮಗನ ಕಿವಿ ನನ್ನ ಕಡೆ ತಿರಗ್ಸು, ಏನಂದಿ?" ಎಂದು ಬಂತು. ಮಧ್ಯಾಹ್ನದೊಳಗೆ ಅರವತ್ತಮೂರು ಮನೆಯ ಗುಟ್ಟೂ ಬೀದಿಗೆ ಬಿತ್ತು.

ಒಂದೇ ಮನೆಯವರು ಒಬ್ಬರಿಗೊಬ್ಬರು ಆಮೆನ್ ಹೇಳಿಕೊಳ್ಳಬಾರದೇ ಎಂದು ನಾನೂ ಯೋಚಿಸಿದೆ. ಆದರೆ ಮನೆಯಲ್ಲಿ ಕೂಡಿಹಾಕಿದ ಮೇಲೆ ಮನುಷ್ಯರು ಪ್ರಾರ್ಥಿಸುವುದೇ ಮನೆಯಲ್ಲಿ ಜೊತೆಗೆ ಇರುವವರ ಬಗ್ಗೆ. ಗಂಡನ ಗೊರಕೆ ನಿಲ್ಲಿಸು ಎಂದು ಗಂಡನ ಕಿವಿಗೆ ಹೇಳಿ ಆಮೆನ್ ಕೇಳುವುದು ಹೇಗೆ? ಅದಕ್ಕೇ ಇಷ್ಟು ವರ್ಷ ಬೆಂಚಿನಲ್ಲಿ ಗಂಡ ಹೆಂಡತಿ ಬೇರೆ ಬೇರೆ ಸಾಲಿನಲ್ಲಿ ಕೂರುತ್ತಿದ್ದರು. ಹೊರಗಿನ ಕಿವಿ ಬೇಕು. ಓಡಾಡಲು ಪರವಾನಗಿ ಇರುವ ಕಿವಿ ಒಂದೇ ಇತ್ತು. ಪೊಲೀಸರು ಸಭೆಗೆ ಒಂದೇ ಪಾಸು ಕೊಟ್ಟಿದ್ದರು, ಅದರ ಮೇಲೆ ನನ್ನ ಹೆಸರಿತ್ತು.

ಹೀಗೆ ಗೇಟಿನ ಆಮೆನ್ ಶುರುವಾಯಿತು. ಮಾಸ್ಕು ಕಟ್ಟಿಕೊಂಡು ಮನೆಯಿಂದ ಮನೆಗೆ ಹೋಗಿ ಗೇಟಿನಿಂದ ಆರು ಅಡಿ ಆಚೆ ನಿಲ್ಲುತ್ತಿದ್ದೆ. ಒಬ್ಬರು ಹೊರಗೆ ಬಂದು ಪ್ರಾರ್ಥಿಸುವಾಗ ಒಳಗಿನವರು ಮರ್ಯಾದೆಯಿಂದ ರೇಡಿಯೋ ಜೋರು ಮಾಡುತ್ತಿದ್ದರು. ಮುಗಿದ ಮೇಲೆ ಅವರು ಒಳಗೆ, ಇನ್ನೊಬ್ಬರು ಹೊರಗೆ. ನನ್ನ ಕೆಲಸ ಒಂದೇ ಪದದ್ದು. ನನ್ನಷ್ಟು ಯೋಗ್ಯ ಸಭಾಪಾಲಕಿ ಈ ಊರಿಗೆ ಹಿಂದೆಂದೂ ಸಿಕ್ಕಿರಲಿಲ್ಲ. ಭಾನುವಾರ ಹೊರಟರೆ ಅರವತ್ತಮೂರನೆಯ ಮನೆ ಮುಟ್ಟುವಾಗ ಬುಧವಾರ ಆಗುತ್ತಿತ್ತು. ಗೊರಕೆ, ಮೂಲವ್ಯಾಧಿ, ಗಣಿತದ ಪರೀಕ್ಷೆ, ಅಣ್ಣನಿಗೆ ಹೋದ ಹೊಲ, ಹೆಂಡತಿಯ ಕಣ್ಣೀರು, ಅದರ ಕಾರಣ. ಎಲ್ಲದಕ್ಕೂ ಆಮೆನ್ ಎಂದೆ. ಯಾವುದೂ ನನ್ನನ್ನು ಮುಟ್ಟಲಿಲ್ಲ. ನನಗೆ ಅದು ಒಳ್ಳೆಯದೇ ಅನ್ನಿಸಿತು. ಅಂಚೆಪೆಟ್ಟಿಗೆ ಕಾಗದ ಓದುವುದಿಲ್ಲವಲ್ಲ.

ಪ್ರಸಂಗವನ್ನೂ ಫೋನಿನಲ್ಲಿ ಕಳಿಸುತ್ತಿದ್ದೆ. ದೇವರು ಒಳ್ಳೆಯವನು. ಕೈ ತೊಳೆಯಿರಿ. ಮನೆಯಲ್ಲೇ ಇರಿ. ಭಯ ಬೇಡ. ಒಂದೊಂದು ಮಾತಿಗೆ ಒಮ್ಮೆ ಉಸಿರು ತೆಗೆದುಕೊಂಡರೂ ಹದಿನೈದು ಸೆಕೆಂಡಿಗೆ ಮುಗಿಯುತ್ತಿತ್ತು. ಜನ ಮೆಚ್ಚಿಕೊಂಡರು. ಇಡೀ ಮಂಡಲದಲ್ಲಿ ಪೂರ್ತಿ ಕೇಳಿಸಿಕೊಂಡ ಪ್ರಸಂಗ ಅದೊಂದೇ ಎಂದು ಮಾಸ್ತರು ಸಾರಿದರು, ಮೂರು ಓಣಿಗೂ ಕೇಳಿಸಿತು.

ಹಾಗಿರುವಾಗ ರಾಹೇಲವ್ವನಿಗೆ ಜಡ್ಡು ತಗಲಿತು. ರಾಹೇಲವ್ವ ಎಪ್ಪತ್ತೆಂಟು ವರ್ಷದ ಹೆಂಗಸು, ಮುಂದಿನ ಬೆಂಚಿನ ಎಡತುದಿ ಆಕೆಯದು. ಜೊತೆಗಾರರಿಲ್ಲದ ಒಂಟಿ ಜನ ಆರಾಧನೆ ಮುಗಿದ ಮೇಲೆ ಆಕೆಯ ಮುಂದೆ ಸಾಲುಗಟ್ಟುತ್ತಿದ್ದರು. ನಲವತ್ತು ವರ್ಷದಿಂದ ಆಕೆ ಅವರ ಪ್ರಾರ್ಥನೆ ಕೇಳಿ, ಎಲೆಅಡಿಕೆ ಅಗಿಯುತ್ತ ಆಮೆನ್ ಹೇಳಿ ಕಳಿಸುತ್ತಿದ್ದಳು. ಮಗ ದೂರದ ಊರಿನಲ್ಲಿ ಸಿಕ್ಕಿಹಾಕಿಕೊಂಡಿದ್ದ. ಸೊಸೆ ಸಲೋಮಿ ಆಕೆಯನ್ನು ಹಿಂದಿನ ಕೋಣೆಯಲ್ಲಿ ಮಲಗಿಸಿದ್ದಳು. ಅದರ ಕಿಟಕಿ ಓಣಿಗೆ ತೆರೆಯುತ್ತದೆ. ರಾಹೇಲವ್ವ ಹೇಳಿಕಳಿಸಿದಳು, ನಾನು ಹೋಗಿ ಕಿಟಕಿಯ ಹೊರಗೆ ನಿಂತೆ.

ಆಕೆ ದಿಂಬಿಗೆ ಒರಗಿ ಕೈ ಜೋಡಿಸಿದಳು. "ತಂದೀ, ಮೊಳಕಾಲು ಹೋದ್ವು, ಹಲ್ಲು ಹೋದ್ವು, ನನ್ನ ವಾರಗಿಯವ್ರು ಎಲ್ಲಾರೂ ಹೋದ್ರು. ನಾ ಒಬ್ಬಾಕಿ ಬಸ್‌ಸ್ಟ್ಯಾಂಡಿನಾಗ ಕುಂತಂಗ ಕುಂತೀನಿ. ಸಲೋಮಿ ಚಲೋ ಹುಡುಗಿ, ಆದ್ರ ಗಂಜಿಗೆ ಉಪ್ಪು ಹಾಕೂದಿಲ್ಲ. ಆಕೀಗೂ ಸಾಕಾಗೇದ, ನನಗೂ ಸಾಕಾಗೇದ. ನನ್ನ ಕರಕೋ." ಆಮೇಲೆ ಕಣ್ಣು ತೆರೆದು ನನ್ನ ಕಡೆ ನೋಡಿದಳು.

ನಾನು ಬಾಯಿ ತೆರೆದೆ. ಏನೂ ಬರಲಿಲ್ಲ.

"ಹೇಳವಾ," ಎಂದಳು.

"ಆಗಲ್ಲ," ಎಂದೆ.

ಮನೆಗೆ ಬಂದೆ. ಆಮೆನ್ ಒಂದು ಸಾಮಾಜಿಕ ಚಿಲಕ, ಹೇಳುವವರ ಒಪ್ಪಿಗೆಗೂ ಅದಕ್ಕೂ ಸಂಬಂಧವಿಲ್ಲ ಎಂದು ಲೇಖನದ ಹನ್ನೊಂದನೆಯ ಪುಟದಲ್ಲಿ ನಾನೇ ಬರೆದಿದ್ದೆ. ಆ ಪುಟ ತೆಗೆದು ಓದಿದೆ. ವಾದ ಗಟ್ಟಿಯಾಗಿತ್ತು. ಲೇಖಕಿ ಬುದ್ಧಿವಂತೆ.

ಅಂದಿನಿಂದ ರಾಹೇಲವ್ವನ ಪ್ರತಿ ಮಾತಿನಲ್ಲೂ ಅದು ಬರತೊಡಗಿತು. "ಸಲೋಮಿ, ಕಿಟಕಿ, ನನ್ನ ಕರಕೋ, ತಗಿ." "ಬಿಸ್ಲು ಭಾಳ, ನನ್ನ ಕರಕೋ, ಮುಚ್ಚು." ಓಣಿಯಲ್ಲಿ ಹೋಗುವವರು ಸೊಸೆಯ ಕಡೆ ಒಂದು ತರಹ ನೋಡತೊಡಗಿದರು. ನಾನು ಆ ಓಣಿ ಬಿಟ್ಟು ಸುತ್ತಿ ಹೋಗತೊಡಗಿದೆ. ಅರವತ್ತೆರಡು ಮನೆಗೆ ಸೇವೆ ಸಲ್ಲಿಸಿ, ಒಂದು ಮನೆಗೆ ಶುಕ್ರವಾರ ಹೋಗೋಣ, ಶನಿವಾರ ಹೋಗೋಣ ಎಂದುಕೊಂಡೆ. ಬೇರೆ ಯಾರಾದರೂ ಕೇಳಿ ಹೇಳಿಬಿಡಲಿ ಎಂದು ಕಾದೆ. ಹನೋಕ ಮಾಸ್ತರ ಗೇಟಿನಲ್ಲಿ ಒಂದು ಮಾತು ಹಾಕಿದೆ.

"ನೀವು ಹೇಳಿಬಿಡಿ ಮಾಸ್ತರೇ."

ಅವರು ಗೇಟಿನಿಂದ ಎರಡು ಹೆಜ್ಜೆ ಹಿಂದೆ ಸರಿದರು. "ನಾನಾ? ನಾಳೆ ಆಕಿ ಹೋದ್ರ, ಹನೋಕ ಮಾಸ್ತರ ಕಳಿಸಿದಾ ಅಂತದ ಊರು. ನನ್ನ ಮೊಮ್ಮಗಳ ಲಗ್ನ ಐತಿ ಮುಂದ. ನೀವಾದ್ರ ಸಭಾಪಾಲಕರು, ನಿಮಗ ಯಾರೂ ಏನೂ ಅನ್ನೂದಿಲ್ಲ."

"ಅಂತಾರೆ."

"ಅಂತಾರ, ಖರೇ," ಎಂದು ಒಪ್ಪಿಕೊಂಡರು. "ಆದ್ರ ಯಾರಿಗೂ ಬ್ಯಾಡಾದ ಆಮೆನ್ ಹೇಳೂದಕ್ಕ ಅಲ್ಲೇನ್ರಿ ನಾವು ಪಾದ್ರಿನ ಇಟಗೊಳ್ಳೂದು? ಬೇಕಾದ್ವನ್ನ ನಾವ ಹೇಳಕೋತೀವಿ."

ಇಷ್ಟು ವರ್ಷ ಸಭಾಪಾಲಕರ ಜೊತೆ ಸಂಸಾರ ಮಾಡಿ ನನಗೆ ತಿಳಿಯದಿದ್ದ ಸಂಗತಿ ಇದು. ಜಯಶೀಲ ಕೆಲವು ದಿನ ಮನೆಗೆ ಬಂದು ಚಪ್ಪಲಿ ಬಿಚ್ಚದೆ ಅರ್ಧ ಗಂಟೆ ಕುರ್ಚಿಯಲ್ಲಿ ಕೂತಿರುತ್ತಿದ್ದರು. ನೆಲ ಕೊಳೆಯಾಗುತ್ತದೆ ಎಂದು ನಾನು ರೇಗುತ್ತಿದ್ದೆ.

ಒಂಬತ್ತನೆಯ ದಿನ ಮಧ್ಯಾಹ್ನ ಸಲೋಮಿ ನನ್ನ ಗೇಟಿಗೆ ಬಂದಳು. ಕೈಯಲ್ಲಿ ಗಂಜಿಯ ಬಟ್ಟಲು ಹಾಗೇ ಇತ್ತು, ಕೆಳಗಿಡುವುದನ್ನು ಮರೆತು ಓಣಿ ದಾಟಿ ಬಂದಿದ್ದಳು. ಸೆರಗಿನ ಮೇಲೆಲ್ಲ ಗಂಜಿ ಚೆಲ್ಲಿ ಒಣಗಿತ್ತು.

"ಬಾಯಾರ, ಅತ್ತಿಗೆ ಉಸಿರು ಸಾಲವಲ್ದು," ಎಂದಳು. "ಇರೂದ ಒಂದು ಹಿಡಿ ಉಸಿರು. ಅದನ್ನೂ ಆ ಮಾತ ತಿನ್ನಾಕತ್ತೇತಿ. ಚಮಚಾ ತುಟಿಗೆ ಹಿಡದ್ರ ನನ್ನ ಕರಕೋ ಅಂತ ಬರ್ತದ, ಗಂಜಿ ಎಲ್ಲಾ ಹೊರಗ. ನಿನ್ನೆಯಿಂದ ಒಂದು ಗುಟುಕು ಇಳಿದಿಲ್ಲ. ನಾನ ಆಮೆನ್ ಹೇಳೂನು ಅಂದ್ರ ಮೊದಲಿಂದ ಹೇಳಾಕ ಆಕಿಗೆ ಆಗವಲ್ದು. ಪೂರಾ ಕೇಳಿದಾಕಿ ನೀವೊಬ್ರ."

ನಾನು ಸುಮ್ಮನೆ ನಿಂತಿದ್ದೆ. ಅದರಲ್ಲಿ ನನಗೆ ಒಳ್ಳೆಯ ಹೆಸರಿತ್ತು.

"ಆಕಿ ಸಾಯ್ಲಿ ಅಂತ ಕೇಳಾಕ ಬಂದಿಲ್ರಿ ನಾ," ಎಂದಳು ಸಲೋಮಿ. ಬಟ್ಟಲನ್ನು ನನ್ನ ಕಡೆ ಚಾಚಿದಳು. "ಉಣ್ಲಿ ಅಂತ ಬಂದೀನಿ."

ಮಾಸ್ಕು ಕಟ್ಟಿಕೊಂಡು ಅವಳ ಹಿಂದೆ ಹೋದೆ. ಅವಳು ಒಳಗೆ ಹೋಗಿ ಹಾಸಿಗೆಯ ಪಕ್ಕ ಕೂತಳು. ನಾನು ಓಣಿಯಲ್ಲಿ, ಕಿಟಕಿಯ ಕಂಬಿಯ ಹೊರಗೆ. ಒಂಬತ್ತು ದಿನದಲ್ಲಿ ರಾಹೇಲವ್ವ ಹಾಸಿಗೆಯ ಒಂದು ಮಡಿಕೆಯಷ್ಟಾಗಿದ್ದಳು. ನನ್ನನ್ನು ನೋಡಿ ಕಣ್ಣಿನಲ್ಲೇ ಹೇಳು ಎಂದಳು. ನಾನು ಬಾಯಿ ತೆರೆದೆ. ಮತ್ತೆ ಬರಲಿಲ್ಲ. ಒಂದು ಪದ. ಅರವತ್ತೆರಡು ಮನೆಯಲ್ಲಿ ಹೇಳಿದ ಅದೇ ಪದ.

ಆಕೆ ನನ್ನ ಮಾಸ್ಕನ್ನೇ ನೋಡಿದಳು. "ನಿನ್ನ ಬಾಯಾಗ," ಎಂದಳು, "ನನ್ನ ಕರಕೋ, ಒಂದು ಐತಿ."

"ಇಲ್ಲ."

"ಎಣಿಸಿ ಮಾತಾಡ್ತಿ." ಉಸಿರು ಎಳೆದುಕೊಂಡಳು. "ನನ್ನ ಕರಕೋ. ನಾನೂ ಹಂಗ ಇದ್ದೆ. ಎರಡು ವರ್ಷ." ಬೆರಳು ಎತ್ತಿ ತೋರಿಸಿದಳು. "ಹೊರಗ ಹಾಕು."

ಹೇಳಬಾರದು ಎಂದುಕೊಂಡೆ. ಆದರೆ ಆಕೆಯ ಉಸಿರು ಖರ್ಚಾಗುವುದನ್ನು ನೋಡುತ್ತ ವಾದ ಮಾಡಲು ಬೆಳ್ಳಿ ಕಪ್ ಗೆದ್ದವಳಿಗೂ ಆಗುವುದಿಲ್ಲ. ಕಂಬಿ ಹಿಡಿದು ಶುರುಮಾಡಿದೆ. ಇಷ್ಟು ದಿನ ನನ್ನ ಪ್ರಾರ್ಥನೆ ಒಂದೇ ಸಾಲಿನದು, ಎಷ್ಟು ಘನವಾದದ್ದು ಎಂದುಕೊಂಡಿದ್ದೆ. ಮೊದಲಿಂದ ಹೇಳಲು ಹೋದಾಗ ಅದು ಎಷ್ಟು ಉದ್ದವಿತ್ತು, ಎಷ್ಟು ಸಣ್ಣದಿತ್ತು ಎಂದು ನೆನಪಾಯಿತು.

"ದೇವರೇ, ಸಾರು ನೀರಾಗಿದೆ ಅಂದರೆ ಇನ್ನುಮುಂದೆ ಮುಖ ತಿರುಗಿಸುವುದಿಲ್ಲ. ಪ್ರಸಂಗದಲ್ಲಿ ತಪ್ಪು ಹುಡುಕಿ ಊಟದ ಹೊತ್ತಿಗೆ ಹೇಳುವುದಿಲ್ಲ. ಇವರ ಅಮ್ಮನಿಗೆ ವಾರಕ್ಕೆ ಎರಡು ಸಲ ಫೋನ್ ಮಾಡುತ್ತೇನೆ. ಒಂದು ಸಲ ಸಾಕಾದರೆ ಒಂದು ಸಲ. ಆ ಲೇಖನ ಹರಿದುಹಾಕುತ್ತೇನೆ. ಇವರಿಗೆ ಕಾಲು ತಣ್ಣಗಾದರೆ ನಿದ್ದೆ ಬರುವುದಿಲ್ಲ, ಅದು ಒಳಗಿನವರಿಗೆ ಗೊತ್ತಿಲ್ಲ, ಯಾರಿಗಾದರೂ ತಿಳಿಸು. ನಾನು ಒಳ್ಳೆಯವಳಲ್ಲ ಅಂತ ನಿನಗೆ ಗೊತ್ತು, ಅದನ್ನು ಇವರ ಲೆಕ್ಕಕ್ಕೆ ಹಿಡಿಯಬೇಡ. ಇವರನ್ನ ಮನೆಗೆ ಕಳಿಸು."

ಅದು ತನ್ನ ಜಾಗಕ್ಕೆ ಬಂದು ನಿಂತಿತು. ರಾಹೇಲವ್ವನ ಭುಜ ಅಲುಗಿತು. ಕೆಮ್ಮು ಎಂದುಕೊಂಡೆ. ನಗುತ್ತಿದ್ದಳು.

"ಫೋನಿಗೂ," ಎಂದಳು, "ನನ್ನ ಕರಕೋ, ಚೌಕಾಸಿ ಮಾಡಿದೇನ?"

ಆಮೇಲೆ ನಗು ಹೋಯಿತು. ಸಲೋಮಿ ತಲೆ ಬಗ್ಗಿಸಿ ಗಂಜಿ ಕಲಕುತ್ತಿದ್ದಳು.

"ಇದಕ್ಕ ಹೆಂಗ ಹೇಳ್ಲಿ, ನನ್ನ ಕರಕೋ, ಹುಡುಗಿ?" ಎಂದಳು ರಾಹೇಲವ್ವ. "ಎಲ್ಲಿಂದ ಕಳಸ್ತಾನ ಅಂವಾ?"

"ಹೇಳಬೇಡಿ," ಎಂದೆ. ಒಮ್ಮೆಲೇ ಹಗುರಾಯಿತು. "ನೀವು ಹೇಳದಿದ್ದರೂ ನನಗೆ ಏನೂ ತೊಂದರೆ ಇಲ್ಲ, ನಾನು ಹೀಗೇ," ಎಂದು ಹೇಳುತ್ತಿದ್ದ ಹಾಗೆ ನಡುವೆ ಅದು ಬಿತ್ತು, ಇವರನ್ನ ಮನೆಗೆ ಕಳಿಸು. ಮಧ್ಯಾಹ್ನದ ಬಿಸಿಲಿನಲ್ಲಿ, ಓಣಿಯಲ್ಲಿ, ಇಬ್ಬರು ಹೆಂಗಸರ ಮುಂದೆ ಬಿತ್ತು. ಆ ಮೊದಲ ವಾರದ ನಂತರ ಸ್ನಾನದಮನೆಯ ಹೊರಗೆ ಇದೇ ಮೊದಲ ಸಲ. ಅಲ್ಲಿ ಅದು ಬೇರೆಯೇ ಕೇಳಿಸಿತು. ಆಚೆ ಬಾಗಿಲಲ್ಲಿ ಯಾರೂ ಇರಲಿಲ್ಲ.

ರಾಹೇಲವ್ವ ತಲೆ ಆಡಿಸಿದಳು. "ಚೀಪಾಕತ್ತಿ," ಎಂದಳು. "ನನ್ನ ಕರಕೋ. ಪೆಪ್ಪರಮಿಂಟ್ ಹಂಗ." ಉಸಿರಿಗಾಗಿ ಕಾದಳು. ನಾವೂ ಕಾದೆವು. "ನನ್ನೂ ಚೀಪಬ್ಯಾಡ."

ಸಲೋಮಿ ತಲೆ ಎತ್ತಲಿಲ್ಲ. ಗಂಜಿಯ ಕೆನೆಯನ್ನು ಚಮಚದಿಂದ ಬದಿಗೆ ಸರಿಸಿದಳು.

ಆಕೆ ಹೋಗಬಾರದು ಎಂದು ನಾನು ಆಮೆನ್ ಹಿಡಿದುಕೊಂಡಿದ್ದೆ ಎಂದರೆ ಅದೂ ಸುಳ್ಳು. ಇನ್ನು ಯಾರೂ ಹೋಗಬಾರದು ಎಂದು ಹಿಡಿದುಕೊಂಡಿದ್ದೆ. ಅದಕ್ಕೆ ಒಬ್ಬ ಮುದುಕಿಯ ಗಂಜಿ ಹೋಗುತ್ತಿತ್ತು. ಸಭೆ ನನ್ನನ್ನು ಇಟ್ಟುಕೊಂಡದ್ದು ಇದಕ್ಕಲ್ಲ.

"ಆಮೆನ್," ಎಂದೆ. ಮಾಸ್ಕಿನೊಳಗಿಂದ ಅರ್ಧವೇ ಕೇಳಿಸಿತು. ಅರ್ಧ ಸಾಕಾಗುತ್ತದೋ ಇಲ್ಲವೋ ಎಂದು ಇನ್ನೊಮ್ಮೆ ಹೇಳಿದೆ. ಸಾಕಾಗಿತ್ತು. ರಾಹೇಲವ್ವನ ತುಟಿಗಳು ಆ ಮಾತಿಗಾಗಿ ಕೂಡಿ, ಹಾಗೇ ಬಿಟ್ಟುಕೊಂಡವು. ಸಲೋಮಿ ಚಮಚ ಹಿಡಿದಳು. ಒಂದು ಇಳಿಯಿತು. ಇನ್ನೊಂದು. ಐದನೆಯದಕ್ಕೆ ಆಕೆ ಕೈ ಅಡ್ಡ ಹಿಡಿದಳು.

"ಉಪ್ಪಿಲ್ಲ."

"ತರ್ತೀನಿ ತಡೀರಿ," ಎಂದು ಸಲೋಮಿ ಅಳುತ್ತ ಎದ್ದು ಒಳಗೆ ಓಡಿದಳು.

ನಾನು ಮೆಲ್ಲಗೆ ತಿರುಗಿದೆ. ನನ್ನದನ್ನು ಆಕೆ ಮರೆತಿದ್ದಾಳೆ, ನನಗೆ ಆಗಬೇಕಾದದ್ದು ಏನೂ ಆಗದೆ ಪಾರಾದೆ ಎಂದುಕೊಂಡು ನಾಲ್ಕು ಹೆಜ್ಜೆ ಬೇಗ ಬೇಗ ಹಾಕಿದೆ.

"ಏ ಪಾದ್ರಿಬಾಯಿ!"

ತಿರುಗಿ ನೋಡಿದೆ.

"ಆಮೆನ್," ಎಂದಳು ರಾಹೇಲವ್ವ, ಗಂಜಿ ಬಾಯಲ್ಲಿಟ್ಟುಕೊಂಡು.

ಓಣಿಯ ತಿರುವಿನವರೆಗೆ ಬಂದು ನಿಂತೆ. ಬೇವಿನ ಮರದ ಕೆಳಗೆ ಯಾರೂ ಇರಲಿಲ್ಲ. "ಈ ಮರಕ್ಕೆ ಯಾರೋ ತಮ್ಮ ಹಳೆಯ ಸೈಕಲ್ ಒರಗಿಸಿ ಹೋಗಿದ್ದಾರೆ," ಎಂದು ಗಟ್ಟಿಯಾಗಿ ಹೇಳಿ ಕಾದೆ. ಬರಲಿಲ್ಲ. ಇನ್ನೂ ಉದ್ದ ಮಾಡಿದೆ. "ಈ ಮರಕ್ಕೆ ಯಾರೋ ತಮ್ಮ ಹಳೆಯ ಸೈಕಲ್ ಒರಗಿಸಿ, ಬೀಗವನ್ನೂ ಹಾಕದೆ, ಎಲ್ಲಿಗೋ ಹೋಗಿದ್ದಾರೆ."

"ನಂದ್ರೀ," ಎಂದು ಮೇಲಿನ ಕಿಟಕಿಯಿಂದ ಒಬ್ಬ ಗಂಡಸು ಕೂಗಿದ. "ತಗೀಬೇಕೇನ್ರಿ?"

"ಬೇಡ," ಎಂದೆ. ಮನೆಗೆ ಹೋಗಿ ಸ್ನಾನದಮನೆಯಲ್ಲೂ ಒಂದು ಸಲ ನೋಡಿದೆ. ಬಕೆಟ್ಟಿನ ಹಿಡಿಕೆಯ ಬಗ್ಗೆ ಹನ್ನೆರಡು ಪದ ಆಡಿದೆ. ಬರೀ ಬಕೆಟ್ಟಿನ ಹಿಡಿಕೆಯ ಮಾತಾಗಿತ್ತು ಅದು.

ರಾಹೇಲವ್ವ ಹೋಗಲಿಲ್ಲ. ಗಂಜಿ ಇಳಿಯತೊಡಗಿದ ಮೇಲೆ ಜ್ವರವೂ ಇಳಿಯಿತು. ಎರಡನೆಯ ವಾರ ಮೊಟ್ಟೆ ಕೇಳಿದಳು. ನಾನು ಕೇಳಿದ್ದೂ ನಡೆಯಲಿಲ್ಲ, ಆಕೆ ಕೇಳಿದ್ದೂ ನಡೆಯಲಿಲ್ಲ. ನನಗಿಂತ ಆಕೆಗೇ ಸಿಟ್ಟು ಹೆಚ್ಚು. ಈಗ ಕಿಟಕಿಯ ಮುಂದೆ ಹೋದರೆ ದೇವರ ಬಗ್ಗೆ ಎಂಥ ಮಾತಾಡುತ್ತಾಳೆ ಎಂದರೆ, ಸಭಾಪಾಲಕಿಯಾಗಿ ನಾನು ಅದನ್ನು ಇಲ್ಲಿ ಬರೆಯುವ ಹಾಗಿಲ್ಲ.

ಆದರೆ ಅದೆಲ್ಲ ಆಮೇಲಿನದು. ಮರುದಿನ ಬೆಳಿಗ್ಗೆ ನಾನು ಹನೋಕ ಮಾಸ್ತರ ಗೇಟಿಗೆ ಹೋದೆ. ಅವರು ಪ್ರಾರ್ಥನೆಗೆಂದು ಟೋಪಿ ತೆಗೆದು ಕೈಯಲ್ಲಿ ಹಿಡಿದು ತಯಾರಾಗಿದ್ದರು. ಶುರುಮಾಡುವ ಮೊದಲು ಕೇಳಿದರು, "ರಾಹೇಲವ್ವ ಹೆಂಗದಾಳ್ರಿ ಬಾಯಾರ?"

"ನಿನ್ನೆ ನಾಲ್ಕು ಚಮಚ ಗಂಜಿ ಕುಡಿದರು, ರಾತ್ರಿ ಇನ್ನೂ ಆರು ಚಮಚ ಕುಡಿದರಂತೆ," ಎಂದೆ. ಅಲ್ಲಿಗೆ ನಿಲ್ಲಬೇಕಿತ್ತು. ನಿಲ್ಲಲು ಏನೂ ಅಡ್ಡ ಬರಲಿಲ್ಲ, ಅದಕ್ಕೇ ನಿಲ್ಲಲಿಲ್ಲ. ಚಮಚದಿಂದ ಕಿಟಕಿಗೆ ಹೋಯಿತು, ಕಿಟಕಿಯಿಂದ ಆಸ್ಪತ್ರೆಯ ಮೆಟ್ಟಿಲಿಗೆ ಹೋಯಿತು. ಆ ನೀರಿನ ಯಂತ್ರ ತೊಟ್ಟಿಕ್ಕುತ್ತಿತ್ತು ಮಾಸ್ತರೇ, ಯಾರೋ ಕೆಳಗೆ ಒಂದು ಸ್ಟೀಲಿನ ಲೋಟ ಇಟ್ಟಿದ್ದರು, ಅದು ತುಂಬಿತ್ತು, ನಾನು ಎರಡು ಸಲ ಚೆಲ್ಲಿ ಮತ್ತೆ ಇಟ್ಟೆ. ಚೀಲ ಕೊಟ್ಟ ಹುಡುಗಿ ನನ್ನ ವಯಸ್ಸಿನವಳೇ. ಎಣಿಸಿಕೊಳ್ಳಿ ಎಂದಳು. ಏನು ಎಣಿಸುವುದು, ಎರಡೇ ಸಾಮಾನು. ಕನ್ನಡಕದ ಕಡ್ಡಿಗೆ ದಾರ ಸುತ್ತಿತ್ತು, ರಿಪೇರಿ ಮಾಡಿಸಿ ಎಂದು ನಾನು ಒಂದು ವರ್ಷ ಜಗಳಾಡಿದ್ದೆ. ಮಾಸ್ತರು ಟೋಪಿ ಹಿಡಿದೇ ನಿಂತಿದ್ದರು. ಒಳಗೆ ಮರ್ಯಾದೆಯ ರೇಡಿಯೋ ಯಾವಾಗ ನಿಂತಿತೋ ಗೊತ್ತಾಗಲಿಲ್ಲ.

"ಜಯಶೀಲ ಸತ್ತುಹೋದರು ಮಾಸ್ತರೇ," ಎಂದೆ.

ಅದು ಅವರಿಗೆ ಹೊಸ ಸುದ್ದಿಯಲ್ಲ. ಅವತ್ತು ದೇವಾಲಯದ ಗಂಟೆ ಬಾರಿಸಿದವರು ಅವರೇ. ಅಭ್ಯಾಸಬಲದಿಂದ ಬಾಯಿ ತೆರೆದರು, ಆಮೆನ್ ಎನ್ನಲು. ಹೇಳಲಿಲ್ಲ. ನಾನು ಏನನ್ನೂ ಬೇಡಿರಲಿಲ್ಲವಲ್ಲ.

"ಹೌದವಾ," ಎಂದರು. ಪಕ್ಕದ ಮನೆಗೂ ಕೇಳಿಸದಷ್ಟು ಮೆಲ್ಲಗೆ.

ಟೋಪಿ ಹಾಕಿಕೊಂಡು ಒಳಗೆ ಹೋದರು. ಒಂದು ಕುರ್ಚಿ ತಂದು ಗೇಟಿನ ಹೊರಗಿಟ್ಟು, ಸೀಟನ್ನು ಅಂಗೈಯಿಂದ ಒರೆಸಿ, ಆರು ಹೆಜ್ಜೆ ಹಿಂದಕ್ಕೆ ನಡೆದು ಅಂಗಳದ ಕಟ್ಟೆಯ ಮೇಲೆ ಕೂತರು.

"ಕುಂದ್ರು," ಎಂದರು. "ಇನ್ನೂ ಐತೇನು?"

"ಇದೆ," ಎಂದೆ. ಕೂತೆ.